ವರ್ತಕನ ಅಕ್ಕ ಮತ್ತು ಮೂವರು ಪಂಡಿತರು

"ಅಮ್ಮ, ವಿಂಡೋಸ್ ಒಳ್ಳೆಯದೋ, ಮ್ಯಾಕ್ ಒಳ್ಳೆಯದೋ, ಲಿನಕ್ಸ್ ಒಳ್ಳೆಯದೋ? ದಿನನಿತ್ಯದ ಬಳಕೆಗೆ ಯಾವುದು ಸಲೀಸು?"

ಸರ್ವಮಂಗಳ ಈ ಪ್ರಶ್ನೆಯನ್ನು ಮೆಟ್ಟಿಲ ಮೇಲೆ ನಿಂತೇ ಕೇಳಿದಳು. ಕೆಂಚಾಂಬಮ್ಮನವರು ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಚಿಕ್ಕಮಠಕ್ಕೆ ಬಂದು ನೆಲೆಸುವ ಮೊದಲು ಅರ್ಧ ದೇಶ ಸುತ್ತಿದ ಹೆಂಗಸು. ಎಂಥ ಪ್ರಶ್ನೆ ಕೇಳಿದರೂ ಅವರಿಗೆ ಎದೆ ಹಾರುತ್ತಿರಲಿಲ್ಲ.

"ಮೂರರ ಹೆಸರನ್ನೂ ಕೇಳಿದ್ದೇನೆ. ಅವುಗಳ ಭಕ್ತರು ಕಿತ್ತಾಡುವುದನ್ನೂ ಕೇಳಿದ್ದೇನೆ. ಮೊದಲು ಕೂತುಕೋ."

"ಕೂರುವಷ್ಟು ಪುರುಸೊತ್ತಿಲ್ಲಮ್ಮ. ನಾಳೆ ಬೆಳಿಗ್ಗೆ ಮಠದ ಸಮಿತಿಯ ಸಭೆ."

"ಹಾಗಾದರೆ ನಿಂತುಕೊಂಡೇ ಹೇಳು."

ಸರ್ವಮಂಗಳ ಕೂತಳು.

ಮಠದ ಹಿಂದಿನ ಹಳೆಯ ಉಗ್ರಾಣದಲ್ಲಿ ಅವಳು ಹೆಂಗಸರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಬರುತ್ತಿದ್ದವರು ಬಟ್ಟೆ ಹೊಲಿಯುವವರು, ಹೂ ಮಾರುವವರು, ಅಂಗನವಾಡಿಯಲ್ಲಿ ಅಡುಗೆ ಮಾಡುವವರು. ಕಳೆದ ವರ್ಷ ಕೋಣೆ ತುಂಬ ಬಂದರು. ಆಮೇಲೆ ಒಬ್ಬೊಬ್ಬರಾಗಿ ನಿಂತುಹೋದರು. ಒಬ್ಬಳ ಮಗುವಿಗೆ ಜ್ವರ, ಇನ್ನೊಬ್ಬಳ ಅತ್ತೆಗೆ ಮಂಡಿನೋವು. ಕೊನೆಯವಳು ಮಾತ್ರ ನೆಪ ಹೇಳಲಿಲ್ಲ. "ಬೇಜಾರು ಮಾಡ್ಕೋಬೇಡಿ ಮಿಸ್, ಅದು ನಮ್ಮಂಥೋರಿಗಲ್ಲ" ಎಂದು ಕೈಮುಗಿದು ಹೋಗಿಬಿಟ್ಟಳು.

ಆ ಕೈಮುಗಿದದ್ದು ಸರ್ವಮಂಗಳಳಿಗೆ ಇನ್ನೂ ಚುಚ್ಚುತ್ತಿತ್ತು. ಬೈದು ಹೋಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈಗ ಯಾರೋ ಪುಣ್ಯಾತ್ಮರು ಹೊಸ ಕಂಪ್ಯೂಟರುಗಳಿಗೆ ದಾನ ಕೊಟ್ಟಿದ್ದರು. ಅವುಗಳನ್ನು ನಡೆಸುವ ವ್ಯವಸ್ಥೆ ಯಾವುದಿರಬೇಕೆಂದು ಸಮಿತಿಯಲ್ಲಿ ಮೂರು ಬಣಗಳಾಗಿದ್ದವು. ನಿವೃತ್ತ ಬ್ಯಾಂಕ್ ಮ್ಯಾನೇಜರರದ್ದು ವಿಂಡೋಸ್, ಫೋಟೋ ಸ್ಟುಡಿಯೋದವರದ್ದು ಮ್ಯಾಕ್, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರದ್ದು ಲಿನಕ್ಸ್. ಪರಸ್ಪರ ಮುಖ ಕೊಟ್ಟು ಮಾತಾಡುವುದನ್ನೂ ಬಿಟ್ಟಿದ್ದರು. ತೀರ್ಮಾನವನ್ನು ಅವಳ ತಲೆಗೆ ಕಟ್ಟಿ, ಜೊತೆಗೊಂದು ಮಾತನ್ನೂ ಸೇರಿಸಿದ್ದರು: ಈ ಸಲವೂ ಹೆಂಗಸರು ಓಡಿಹೋದರೆ ತರಗತಿ ಮುಚ್ಚುವುದು, ಕೋಣೆಯನ್ನು ಮದುವೆ ಪಾತ್ರೆ ಇಡಲು ಕೊಡುವುದು.

"ಬೇಸಿಗೆಯೆಲ್ಲ ಮೂರನ್ನೂ ಹೋಲಿಸಿ ನೋಡಿದೆ" ಎಂದಳು ಸರ್ವಮಂಗಳ. "ಒಂದರಲ್ಲಿ ಇದು ಸುಲಭ, ಇನ್ನೊಂದರಲ್ಲಿ ಅದು ಸುಲಭ. ನಿದ್ದೆ ಕೆಟ್ಟದ್ದೇ ಬಂತು. ಹೋದ ಸಲ ನಾನೇನು ಕಡಿಮೆ ಮಾಡಿದ್ದೆ ಹೇಳಿ? ಒಬ್ಬೊಬ್ಬರ ಪಕ್ಕದಲ್ಲೂ ನಿಂತಿರುತ್ತಿದ್ದೆ. ಬೆರಳು ತಪ್ಪು ಕಡೆ ಹೋಗುವ ಮುಂಚೆಯೇ ಸರಿಮಾಡುತ್ತಿದ್ದೆ. ಆದರೂ ಹೋದರು. ವ್ಯವಸ್ಥೆಯೇ ಸರಿಯಿರಲಿಲ್ಲ ಅಂತ ತಾನೇ ಅರ್ಥ? ಈ ಸಲ ತಪ್ಪಾಗಬಾರದು. ನೀವೇ ಹೇಳಿಬಿಡಿ, ಅದನ್ನೇ ಹಾಕಿಸ್ತೀನಿ."

ಕೆಂಚಾಂಬಮ್ಮನವರು ಸಿಪ್ಪೆಯನ್ನು ಒಂದು ಕಡೆ ಒತ್ತರಿಸಿ ಹೇಳತೊಡಗಿದರು.

"ಒಂದು ಊರಿನಲ್ಲಿ ಒಬ್ಬ ಪಾತ್ರೆ ವರ್ತಕ ಇದ್ದ. ಅವನಿಗೆ ಒಬ್ಬಳು ಅಕ್ಕ ಇದ್ದಳು. ವರ್ತಕ ಕಾಶಿಗೆ ಹೊರಟಿದ್ದ. ಹೋಗಿ ಬರುವವರೆಗೆ ಅಂಗಡಿಯನ್ನು ಅಕ್ಕನೇ ನೋಡಿಕೊಳ್ಳಬೇಕು. ವ್ಯಾಪಾರದಲ್ಲಿ ಅವಳು ತಮ್ಮನಿಗಿಂತ ಗಟ್ಟಿಗಿತ್ತಿ. ಚೌಕಾಸಿಗೆ ಬಂದವರು ಅವಳ ಬಾಯಿಗೆ ಹೆದರಿ ಒಂದು ಚೊಂಬು ಹೆಚ್ಚಿಗೆ ಕೊಂಡು ಹೋಗುತ್ತಿದ್ದರು. ಆದರೆ ಅಂಗಡಿಯಲ್ಲಿದ್ದ ಕಂಪ್ಯೂಟರಿನ ಹತ್ತಿರ ಮಾತ್ರ ಅವಳು ಸುಳಿಯುತ್ತಿರಲಿಲ್ಲ.

"ಅದಕ್ಕೆ ಕಾರಣ ಇತ್ತು. ಕಂಪ್ಯೂಟರ್ ಇದ್ದ ಕೋಣೆಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಅದಕ್ಕೊಂದು ಕಸೂತಿ ಹಾಕಿದ ಮುಸುಕು. ಹಣೆಗೆ ಕುಂಕುಮ. ಶುಕ್ರವಾರ ಊದುಬತ್ತಿ. ಅದನ್ನು ಮುಟ್ಟುವ ಅಧಿಕಾರ ವರ್ತಕನಿಗೆ ಒಬ್ಬನಿಗೇ. ಬೇರೆಯವರು ಬಾಗಿಲಲ್ಲಿ ನಿಂತು ಬಿಲ್ ಬೇಡಬೇಕು, ಅವನು ಒಳಗಿನಿಂದ ತೀರ್ಥ ಕೊಟ್ಟ ಹಾಗೆ ತಂದುಕೊಡಬೇಕು."

ಸರ್ವಮಂಗಳಳಿಗೆ ಉಗ್ರಾಣದ ಬಾಗಿಲಲ್ಲಿ ಸಾಲಾಗಿ ಬಿಟ್ಟಿರುತ್ತಿದ್ದ ಚಪ್ಪಲಿಗಳು ನೆನಪಾದವು. ಆದರೆ ಧೂಳು ಒಳಗೆ ಹೋದರೆ ಯಂತ್ರ ಹಾಳಾಗುವುದಿಲ್ಲವೇ ಎಂದುಕೊಂಡಳು.

"ವರ್ತಕ ಯೋಚನೆ ಮಾಡಿದ. ಅಕ್ಕನಿಗೆ ಸುಲಭವಾದ ವ್ಯವಸ್ಥೆ ಹಾಕಿಸಿಕೊಟ್ಟರೆ ನಿಶ್ಚಿಂತೆಯಿಂದ ಗಂಗೆಯಲ್ಲಿ ಮುಳುಗಬಹುದು. ಇಲ್ಲದಿದ್ದರೆ ಮುಳುಗುವುದು ಅಂಗಡಿ. ಊರಿನಲ್ಲಿ ಈ ವಿದ್ಯೆ ಬಲ್ಲ ಮೂವರು ಪಂಡಿತರಿದ್ದರು. ಮೂವರನ್ನೂ ಒಂದೇ ದಿನ ಕರೆಸಿದ. ಮೂವರೂ ತಮ್ಮ ತಮ್ಮ ಯಂತ್ರ ಹೊತ್ತುಕೊಂಡು ಬಂದರು.

"ಒಬ್ಬ ಹೇಳಿದ: ನನ್ನದು ಊರಿಗೆಲ್ಲ ಗೊತ್ತಿರುವ ವ್ಯವಸ್ಥೆ. ಯಾವ ಪ್ರಿಂಟರ್ ತಂದರೂ ಒಗ್ಗುತ್ತದೆ. ಕೆಟ್ಟರೆ ಪಕ್ಕದ ಅಂಗಡಿಯವನನ್ನು ಕೂಗಿದರೂ ಸಾಕು. ಇನ್ನೊಬ್ಬ ಹೇಳಿದ: ನನ್ನದರಲ್ಲಿ ಪ್ರತಿಯೊಂದಕ್ಕೂ ಒಂದು ಜಾಗ. ಪೆಟ್ಟಿಗೆ, ವ್ಯವಸ್ಥೆ ಎರಡೂ ಒಂದೇ ಮನೆಯವು, ಅತ್ತೆ ಸೊಸೆ ಜಗಳ ಇಲ್ಲ. ಮತ್ತೊಬ್ಬ ಹೇಳಿದ: ನನ್ನದಕ್ಕೆ ಕಾಸು ಕೊಡಬೇಕಾಗಿಲ್ಲ. ನಿಮ್ಮ ಹಳೆಯ ಪೆಟ್ಟಿಗೆಯಲ್ಲೇ ಓಡುತ್ತದೆ. ನಿಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ, ಕೇಳುವವರಿಲ್ಲ.

"ಮೂವರು ಹೇಳಿದ್ದೂ ನಿಜ. ಅದೇ ತೊಂದರೆ. ಯಾರಾದರೂ ಒಬ್ಬ ಸುಳ್ಳು ಹೇಳಿದ್ದರೆ ವರ್ತಕನ ಕೆಲಸ ಹಗುರಾಗುತ್ತಿತ್ತು. ಅವನು ತಲೆ ಹಿಡಿದುಕೊಂಡು ಕೂತ. ಕೊನೆಗೆ ಅಕ್ಕನನ್ನೇ ಕರೆದ. ಒಂದೊಂದರ ಮುಂದೆಯೂ ಕೂತು ಒಂದೊಂದು ಬಿಲ್ ಮಾಡಿ ನೋಡಕ್ಕ, ನಿನಗೆ ಯಾವುದು ಸಲೀಸೋ ಅದೇ ಇರಲಿ ಅಂದ.

"ಅಕ್ಕ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಒಬ್ಬ ಪಂಡಿತನ ಯಂತ್ರದ ಮುಂದೆ ಕೂತಳು. ಪಂಡಿತ ಅವಳ ಬೆನ್ನಿಗೇ ನಿಂತ. ಅವಳು ಮೌಸ್ ಹಿಡಿದು ಒಂದಿಷ್ಟು ಜರುಗಿಸಿದಳು. ಅವನು 'ಅಲ್ಲಲ್ಲ, ಅಲ್ಲಲ್ಲ' ಅಂದ. ಅವಳು ಇನ್ನೊಂದು ಕಡೆ ಜರುಗಿಸಿದಳು. ಅವನು 'ಕೊಡಿ ಇಲ್ಲಿ' ಅಂತ ಮೌಸ್ ಕಿತ್ತುಕೊಂಡು, ಟಕಟಕ ಒತ್ತಿ, ಬಿಲ್ ಮಾಡಿ, 'ನೋಡಿದಿರಾ, ಎಷ್ಟು ಸುಲಭ!' ಅಂದ. ಅವಳು ನೋಡಿದಳು. ಸುಲಭವಾಗಿಯೇ ಇತ್ತು, ಅವನಿಗೆ.

"ಎದ್ದು ಇನ್ನೊಂದರ ಮುಂದೆ ಕೂತಳು. ಆ ಪಂಡಿತ ಮೌಸ್ ಕಿತ್ತುಕೊಳ್ಳಲಿಲ್ಲ, ಸಭ್ಯಸ್ಥ. ಅವಳ ಕೈಯ ಮೇಲೆ ತನ್ನ ಕೈ ಇಟ್ಟು ತಾನೇ ಓಡಿಸಿದ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವುದಿಲ್ಲವೇ, ಹಾಗೆ. ಬಿಲ್ ಆಯಿತು. ಅಕ್ಕನ ಹಣೆ ಬೆವರಿತು. ಆಕೆ ಕೇಳಿದಳು, 'ಅಪ್ಪಾ, ನಾನು ತಪ್ಪು ಒತ್ತಿಬಿಟ್ಟರೆ ಏನಾಗುತ್ತೆ?' ಪಂಡಿತ ಹೇಳಿದ, 'ತಪ್ಪು ಒತ್ತಬಾರದು ತಾಯಿ.' ಅವಳು ಹೂಂ ಅಂದು ಎದ್ದಳು.

"ಉಳಿದದ್ದರ ಮುಂದೆ ಹೋಗಿ ಕೂತಳು. ಆ ಪಂಡಿತ ಬೆಳಗಿನಿಂದ ತನ್ನ ವ್ಯವಸ್ಥೆಯ ಗುಣಗಾನ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡಿದ್ದ. ಅವನೇನೂ ದೊಡ್ಡ ಜ್ಞಾನಿಯಲ್ಲ, ನೆನಪಿರಲಿ. 'ಶುರು ಮಾಡ್ತಾ ಇರಿ ಅಕ್ಕಾ, ಒಂದು ಟೀ ಕುಡಿದು ಬಂದೆ' ಅಂದವನೇ ಎದುರಿನ ಹೋಟೆಲಿಗೆ ಹೋದ.

"ಉಳಿದ ಇಬ್ಬರು ಪಂಡಿತರು ಹೊರಗೆ ಜಗಲಿಯಲ್ಲಿ ತಮ್ಮನ ಮುಂದೆ ವಾದಕ್ಕೆ ಬಿದ್ದಿದ್ದರು. ಕೋಣೆಯಲ್ಲಿ ಅಕ್ಕ ಒಬ್ಬಳೇ ಉಳಿದಳು. ಏನೋ ಒತ್ತಿದಳು. ಅರ್ಧ ಆಗಿದ್ದ ಬಿಲ್ ಮಾಯವಾಯಿತು. ಅವಳ ಜೀವ ಬಾಯಿಗೆ ಬಂತು. ಸುತ್ತ ನೋಡಿದಳು. ಅಯ್ಯೋ ಅನ್ನುವವರು ಯಾರೂ ಇಲ್ಲ, ಏನು ಒತ್ತಿದಿರಿ ಅನ್ನುವವರೂ ಇಲ್ಲ. ಬೈಯುವವರು ಯಾರೂ ಇಲ್ಲದ ಮೇಲೆ ಎಷ್ಟು ಹೊತ್ತು ಹೆದರಿಕೊಂಡು ಕೂರುವುದು? ಪರದೆಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು. ಮೇಲೊಂದು ಮೂಲೆಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಬಾಣ ಕಂಡಿತು. ಹಿಂದಕ್ಕೆ ಬಾಗಿದ್ದು ಹಿಂದಕ್ಕೇ ಕರೆದುಕೊಂಡು ಹೋಗಬೇಕಲ್ಲ ಅಂದುಕೊಂಡು ಅದನ್ನು ಒತ್ತಿದಳು. ಬಿಲ್ ಇದ್ದ ಹಾಗೇ ವಾಪಸ್ ಬಂತು.

"ಅಕ್ಕ ಉಸಿರು ಬಿಟ್ಟಳು. ಆಮೇಲೆ ಬೇಕೆಂದೇ ಬಿಲ್ ಅಳಿಸಿದಳು. ವಾಪಸ್ ತಂದಳು. ಮತ್ತೆ ಅಳಿಸಿದಳು, ಮತ್ತೆ ತಂದಳು. ಪಂಡಿತ ಬಾಯಿ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ಅವಳು ಒಂದು ಕೊಪ್ಪರಿಗೆ ಮಾರಿ, ಬಿಲ್ ತೆಗೆದು, ಕೊಂಡವನಿಗೆ ಒಂದು ಸೌಟನ್ನೂ ಅಂಟಿಸಿ ಕಳಿಸಿದ್ದಳು.

"ಇದೇ ಇರಲಿ ಅಂದಳು ತಮ್ಮನಿಗೆ.

"ವರ್ತಕ ಕೇಳಿದ, 'ಯಾಕಕ್ಕ ಇದೇ? ಬೇಗ ಕೆಲಸ ಮಾಡುತ್ತಾ? ಅಕ್ಷರ ದೊಡ್ಡದಾಗಿ ಕಾಣುತ್ತಾ?'

"'ಅದೆಲ್ಲ ನಂಗೆ ಗೊತ್ತಿಲ್ಲಪ್ಪ. ಇದನ್ನ ತೋರಿಸೋಕೆ ಬಂದವನು ಟೀ ಕುಡಿಯೋಕೆ ಹೋದ.'

"ಉಳಿದ ಇಬ್ಬರು ಪಂಡಿತರಿಗೆ ತಡೆಯಲಾಗಲಿಲ್ಲ. 'ಇದು ಅನ್ಯಾಯ! ಆ ಬಾಣ ನಮ್ಮದರಲ್ಲೂ ಇದೆ!' ಎಂದು ಒಟ್ಟಿಗೇ ಕೂಗಿದರು. ಅವತ್ತಿಡೀ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

"ಅಕ್ಕ ಹೇಳಿದಳು, 'ಇದ್ದೀತಪ್ಪ, ಇಲ್ಲ ಅಂದವರಾರು? ನಿಮ್ಮ ಕೈ ಅಡ್ಡ ಇತ್ತು, ನಂಗೆ ಕಾಣಲಿಲ್ಲ.'

"ವರ್ತಕ ಕಾಶಿಗೆ ಹೋದ. ಅಕ್ಕ ಅಂಗಡಿ ನಡೆಸಿದಳು. ಕತೆ ಇಷ್ಟೇ."

ಕೆಂಚಾಂಬಮ್ಮನವರು ಮತ್ತೆ ಕಡಲೆಕಾಯಿಗೆ ಕೈ ಹಾಕಿದರು.

ಸರ್ವಮಂಗಳ ನಕ್ಕಳು. ಸೌಟು ಅಂಟಿಸಿದ್ದಕ್ಕೆ ನಕ್ಕಳು, ಇಬ್ಬರು ಪಂಡಿತರು ಒಟ್ಟಿಗೆ ಕೂಗಿದ್ದಕ್ಕೆ ನಕ್ಕಳು. ಬಹಳ ದಿನಗಳ ಮೇಲೆ ಹೀಗೆ ಹೊಟ್ಟೆಯಿಂದ ನಗು ಬಂದಿತ್ತು. ನಗುತ್ತ ನಗುತ್ತಲೇ ಅವಳಿಗೆ ಒಂದು ಕೈ ಕಣ್ಣಮುಂದೆ ಬಂತು. ಕಳೆದ ವರ್ಷ ಹೂ ಮಾರುವವಳೊಬ್ಬಳು ತನ್ನ ಮಗಳ ಹೆಸರನ್ನು ಬರೆಯಲು ಅಕ್ಷರ ಹುಡುಕುತ್ತಿದ್ದಳು. ಸಿಗುವುದರಲ್ಲಿತ್ತು. ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ಆ ಹೆಸರನ್ನು ಚಕಚಕ ಬರೆದು ಮುಗಿಸಿತ್ತು. ಹೂವಿನವಳು ತನ್ನ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮತ್ತೆ ಮೇಲೆತ್ತಿರಲಿಲ್ಲ.

ಪಕ್ಕದಿಂದ ಬಂದ ಆ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಸರ್ವಮಂಗಳ ತನ್ನ ಬಳೆಗಳನ್ನು ನೋಡಿಕೊಂಡಳು.

ನಾಚಿಕೆಯಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಹೆಗಲ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಆ ಹೆಂಗಸರಿಗೆ ಆಗದ ವಿದ್ಯೆ ಅದಲ್ಲ. ಯಂತ್ರದಲ್ಲೂ ಐಬಿರಲಿಲ್ಲ. ಕೆಟ್ಟಿದ್ದದ್ದು ತನ್ನಿಂದಲೇ ಸರಿಯಾಗುವಂಥದ್ದು, ಅದೂ ನಾಳೆಯಿಂದಲೇ. ಮನೆ ಮನೆಗೆ ಹೋಗಿ ಕರೆದರೆ ಬಂದಾರು. ಹೂವಿನವಳ ಮನೆಗೇ ಮೊದಲು ಹೋಗಬೇಕು.

ಆದರೂ ಬೇಸಿಗೆಯೆಲ್ಲ ಹೋಲಿಸಿ ನೋಡಿದ ಬುದ್ಧಿ ಅಷ್ಟು ಬೇಗ ಬಿಡುತ್ತದೆಯೇ?

"ಅಮ್ಮ, ಅವಳು ಆರಿಸಿದ್ದು ಮೂರರಲ್ಲಿ ಯಾವುದನ್ನು?"

"ಅದನ್ನು ಯಾರಿಗೂ ಹೇಳುವುದಿಲ್ಲ ಅಂತ ಆ ಟೀ ಕುಡಿದವನಿಗೇ ಮಾತು ಕೊಟ್ಟಿದ್ದೇನೆ."

"ಅಂದರೆ ಅವನು ನಿಮಗೆ ಗೊತ್ತಾ?"

"ಕತೆಯೊಳಗಿನವರೆಲ್ಲ ನನಗೆ ಗೊತ್ತು."

"ತಮಾಷೆ ಬೇಡಮ್ಮ. ನಾಳೆ ಸಭೆಯಲ್ಲಿ ಮೂರು ಜನ ಮೂರು ಕಡೆ ಮುಖ ಮಾಡಿಕೊಂಡು ಕೂತಿರುತ್ತಾರೆ. ಅವರಿಗೆ ಏನೆಂದು ಹೇಳಲಿ? ಯಾವುದನ್ನು ಹಾಕಿಸಲಿ?"

ಕೆಂಚಾಂಬಮ್ಮನವರು ಬಿಡಿಸಿದ ಕಾಳುಗಳನ್ನು ಅವಳ ಬೊಗಸೆಗೆ ಸುರಿದರು.

"ಯಾವುದನ್ನು ಬೇಕಾದರೂ ಹಾಕಿಸು ಮಗಳೇ, ನೀನು ಕೂರುವ ಕುರ್ಚಿಯನ್ನು ಮಾತ್ರ ಆ ಕೋಣೆಯ ಹೊರಗೆ ಹಾಕಿಸು."

ಸರ್ವಮಂಗಳ ಕಾಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. ಮೆಟ್ಟಿಲಿಳಿದು ಹೂವಿನವಳ ಮನೆಯ ದಾರಿ ಹಿಡಿದಳು.