ಲಹೈರೋಯಿ ಎಂಬ ಬಾವಿ

“ಆಶ್ರಮದ ಸ್ವಾಮಿಯೋರು ಪ್ರಸಂಗದಲ್ಲಿ ಒಂದು ಬಾವಿಯ ಹೆಸರು ಹೇಳಿದ್ರಲ್ಲ, ಅದಕ್ಕೇನರ್ಥ ಅಂತ ಕೇಳ್ಕೊಂಡು ಬನ್ನಿ.”

ಶೌರಮ್ಮ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ನಾಳೆ ಕೇಳಿದರಾಯಿತು ಎಂದುಕೊಂಡ ಅವನು. ಬೆಳಗಾಗುವಷ್ಟರಲ್ಲಿ ಜ್ವರ ಅವಳನ್ನು ತೆಗೆದುಕೊಂಡು ಹೋಗಿತ್ತು.

ಗಂಡ ಇನ್ನಾಸಪ್ಪ ಬಾವಿ ತೋಡುವವನು. ಗುಡ್ಡದ ಮೇಲಿನ ಆಶ್ರಮಕ್ಕೆ ಒಂದು ಬಾವಿ ತೋಡುವ ಕೆಲಸ ಹಿಡಿದಿದ್ದ. ಏಳಾಳುದ್ದ ಇಳಿದಿತ್ತು, ನೀರು ಬಂದಿರಲಿಲ್ಲ. ಹೆಂಡತಿ ಹೋದ ಮೇಲೆ ಅವನು ಹಾರೆ ಮುಟ್ಟಲಿಲ್ಲ.

ತಿಂಗಳಾದ ಮೇಲೆ ಒಂದು ಸಂಜೆ ಗುಡ್ಡ ಹತ್ತಿ ಬಂದ. ಮುದಿ ಗುರು ಜಗಲಿಯ ಮೇಲೆ ಕೂತಿದ್ದರು. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು.

“ಯಾರು?”

“ಇನ್ನಾಸಿ, ಸ್ವಾಮಿ. ಆ ಬಾವಿ ಮುಚ್ಚಿಬಿಡ್ತೀನಿ. ಮೇಲೊಂದು ಕಲ್ಲು ನೆಟ್ಟು ಅವಳ ಹೆಸರು ಕೆತ್ತಿಸ್ತೀನಿ. ಶೌರಮ್ಮನ ಬಾವಿ ಅಂತ ಕರೀಲಿ ಜನ.”

“ನೀರು ಬಂತಾ?”

“ಇಲ್ಲ.”

ಗುರು ಅವನ ದನಿಯತ್ತ ತಿರುಗಿದರು.

“ಬೈಬಲಿನಲ್ಲಿ ಇಸಾಕನ ಆಳುಗಳು ಬಾವಿ ತೋಡಿದರು. ಊರವರು ಜಗಳಕ್ಕೆ ಬಂದರು. ಅದಕ್ಕೆ ಏಸೆಕ್ ಅಂತ ಹೆಸರು ಬಂತು. ಜಗಳ ಅಂತ ಅರ್ಥ. ಮುಂದೆ ಹೋಗಿ ತೋಡಿದ ಒಂದಕ್ಕೆ ಯಾರೂ ಜಗಳಕ್ಕೆ ಬರಲಿಲ್ಲ. ಅದು ರೆಹೋಬೋತ್. ಜಾಗ ಸಿಕ್ಕಿತು ಅಂತ. ಆಮೇಲೆ ಯೋಸೇಫನನ್ನ ಅವನ ಅಣ್ಣಂದಿರು ಒಂದು ಗುಂಡಿಗೆ ತಳ್ಳಿದರು. ಅದರಲ್ಲಿ ನೀರಿರಲಿಲ್ಲ. ಅದರ ಹೆಸರೇನು?”

“ಗೊತ್ತಿಲ್ಲ.”

“ಯಾರಿಗೂ ಗೊತ್ತಿಲ್ಲ. ನೀರಿಲ್ಲದ್ದಕ್ಕೆ ಹೆಸರೇ ಇಲ್ಲ.”

ಇನ್ನಾಸಪ್ಪ ತಲೆ ತಗ್ಗಿಸಿದ.

“ಅವಳು ಒಂದು ಹೆಸರು ಕೇಳಿದ್ಲು, ಸ್ವಾಮಿ. ನಾನು ತಡ ಮಾಡ್ದೆ.”

“ಯಾವುದು?”

“ಲಹೈ... ಬಾಯಿಗೆ ಬರಲ್ಲ.”

“ಲಹೈರೋಯಿ.” ಗುರು ಕೈ ಮುಗಿದರು. “ಹಾಗರ್ ಅಂತ ಒಬ್ಬ ದಾಸಿ. ಬಸುರಿ. ಒಡತಿಯ ಕಾಟ ತಾಳಲಾರದೆ ಮರಳುಗಾಡಿಗೆ ಓಡಿಹೋದಳು. ಒಡೆಯನೂ ಒಡತಿಯೂ ಅವಳನ್ನ ದಾಸಿ, ದಾಸಿ ಅಂತಲೇ ಕರೀತಿದ್ದರು. ನೀರಿನ ಹತ್ತಿರ ಕೂತಿದ್ದಾಗ ದೇವದೂತ ಬಂದು ಹೆಸರು ಹಿಡಿದು ಕರೆದ. ಹಾಗರ್, ಎಲ್ಲಿಂದ ಬಂದೆ ಅಂತ ಕೇಳಿದ. ಅವಳು ಏನು ಮಾಡಿದಳು ಗೊತ್ತಾ?”

“ಅತ್ತಳಾ?”

“ದೇವರಿಗೇ ಹೆಸರಿಟ್ಟಳು, ಇನ್ನಾಸಿ! ನನ್ನನ್ನು ನೋಡುವವನು ಅಂತ. ಆಮೇಲೆ ಬಾವಿಗೂ ಆ ಹೆಸರೇ ಬಂತು. ನನ್ನನ್ನು ನೋಡುವ ಜೀವಂತನ ಬಾವಿ.”

ಇನ್ನಾಸಪ್ಪ ಬಾವಿಯ ಕಡೆ ತಿರುಗಿದ.

“ನಮ್ಮ ಕಸುಬಿನಲ್ಲಿ ಇಳಿದವನ ಮೇಲೆ ಕಣ್ಣಿಡೋಕೆ ಬಾವಿಯ ಬಾಯಲ್ಲಿ ಮನೆಯವರೊಬ್ಬರು ಕೂರಬೇಕು, ಸ್ವಾಮಿ. ಮಣ್ಣೆಳೆಯೋ ಆಳುಗಳು ಬೇರೆ. ಕೆಳಗಿಂದ ನಾನು ‘ಇದೀಯಾ?’ ಅಂತ ಕೂಗ್ತಿದ್ದೆ. ಅವಳು ‘ಕಾಣ್ತಿದೀರಿ, ಅಗೀರಿ’ ಅನ್ನೋಳು. ಮೂವತ್ತು ವರ್ಷ. ಈಗ ಯಾರನ್ನ ಕೂರಿಸ್ಲಿ?”

“ನಾನು ಕೂರ್ತೀನಿ.”

ತಿಂಗಳಿಂದ ನಗದವನಿಗೆ ನಗು ಬಂತು.

“ನಿಮಗೆ ಮುಂದಿರೋ ತಟ್ಟೆ ಕಾಣಲ್ಲ. ಮೊನ್ನೆ ಕಂಬಕ್ಕೆ ಆಶೀರ್ವಾದ ಮಾಡಿದ್ರಂತೆ!”

“ಕಂಬ ಏನೂ ಬೇಡ ಅನ್ನಲಿಲ್ಲ.” ಗುರುವೂ ನಕ್ಕರು. ಆಮೇಲೆ ಕೇಳಿದರು: “ಏಳಾಳು ಕೆಳಗೆ, ಆ ಕತ್ತಲಲ್ಲಿ, ಶೌರಮ್ಮನಿಗೆ ನೀನು ಕಾಣ್ತಿದ್ದೆಯಾ?”

ಕೆಳಗಿನಿಂದ ಇನ್ನಾಸಪ್ಪನಿಗೆ ಅವಳ ತಲೆ ಕಾಣುತ್ತಿತ್ತು. ಅವಳಿಗೆ? ಇಷ್ಟು ವರ್ಷದಲ್ಲಿ ಒಂದು ಸಲವೂ ಅವನು ಅದನ್ನು ಯೋಚಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಆಳುಗಳನ್ನು ಕರೆತಂದ. ಗುರುವನ್ನು ಕೈಹಿಡಿದು ನಡೆಸಿ, ಶೌರಮ್ಮ ಕೂರುತ್ತಿದ್ದ ಕಲ್ಲಿನ ಮೇಲೆ ಕೂರಿಸಿದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ.

ಕೆಳಗೆ ತಣ್ಣಗಿತ್ತು. ಹಾರೆ ಬಿಟ್ಟಲ್ಲೇ ಇತ್ತು. ಕೈಗೆ ತೆಗೆದುಕೊಂಡು ಮೇಲೆ ನೋಡಿದ. ತಟ್ಟೆಯಷ್ಟಗಲ ಆಕಾಶ. ಅದರ ಅಂಚಿನಲ್ಲಿ ಒಂದು ತಲೆ.

“ಇದೀರಾ?” ಎಂದು ಕೂಗಿದ.

“ಕಾಣ್ತಿದೀಯ,” ಎಂದರು ಗುರು. “ಅಗಿ.”