ಓಬಕ್ಕ ಯಾವುದರಿಂದ ಎದ್ದಳು

"ಮಾವ, ಬಿದ್ದಾಗೆಲ್ಲ ಎದ್ದೆನಲ್ಲ ನಾನು, ಅದು ಯಾವುದರಿಂದ ಎದ್ದೆ? ಯಾರನ್ನಾದ್ರೂ ಕೇಳು."

ಓಬಕ್ಕ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಆಮೇಲೆ ಉಸಿರು ಉಸಿರಾಡುವುದಕ್ಕೇ ಸಾಲಲಿಲ್ಲ, ಮಾತಿಗೆ ಎಲ್ಲಿಂದ ಬರಬೇಕು. ನುಂಗುವುದು ನಿಂತಿತ್ತು. ಎದೆಗೆ ಕಫ ಇಳಿದಿತ್ತು. ಅವಳು ಹೋದಳು.

ಗಂಡ ಪಾಲಯ್ಯ ಮಂಡಕ್ಕಿ ಭಟ್ಟಿಯವನು. ಹೆಚ್ಚು ಓದಿದವನಲ್ಲ. ಕಾದ ಮರಳಿಗೆ ಅಕ್ಕಿ ಹಾಕುವುದು, ಅರಳಿದ ಕೂಡಲೇ ಎತ್ತುವುದು, ಅಷ್ಟು ಗೊತ್ತು. ತಿಥಿ ಮುಗಿಯಿತು. ನೆಂಟರು ಹೋದರು. ಹೆಂಡತಿಯ ಪ್ರಶ್ನೆ ಹೋಗಲಿಲ್ಲ. ಆ ಹೊತ್ತಿನಲ್ಲೂ ಅವಳಿಗೆ ಇಂಥದ್ದು ಹೊಳೆಯಿತಲ್ಲ ಎಂದು ಅವನಿಗೆ ಸೋಜಿಗ. ಅವಳು ಮೊದಲಿಂದಲೂ ಹಾಗೆಯೇ. ಭಟ್ಟಿಯ ಮುಂದೆ ಮರಳು ಜರಡಿ ಹಿಡಿಯುತ್ತಾ, ಅಕ್ಕಿ ಯಾಕೆ ಅರಳುತ್ತದೆ, ಅದರ ಒಳಗೆ ಏನಿದೆ ಎಂದು ಕೇಳುವವಳು.

"ಒಳಗೆ ನಿಮ್ಮಪ್ಪ ಕೂತವ್ನೆ."

"ಹಂಗಾದ್ರೆ ಮೆಲ್ಲಗೆ ಹುರಿ ಮಾವ, ಸುಟ್ಕಂಡಾನು."

ಅದೇ ಭಟ್ಟಿಯ ಝಳಕ್ಕೆ ಒಂದು ದಿನ ಅವಳ ಕಣ್ಣು ಮಂಜಾಯಿತು. ಹೊರಗೆ ಬಂದು ಗಾಳಿಗೆ ನಿಂತರೆ ತಿಳಿಯಾಗುವುದು. ಒಳಗೆ ಹೋದರೆ ಮತ್ತೆ ಮಂಜು. ಆಮೇಲೆ ಕಾಲು. ಕಾಯಿಲೆ ಶುರುವಾದದ್ದು ಹಾಗೆ.

ಪ್ರಶ್ನೆ ಅವಳೊಬ್ಬಳದೇ ಆಗಿದ್ದರೆ ಪಾಲಯ್ಯ ಅದನ್ನು ಎದೆಯಲ್ಲಿಟ್ಟುಕೊಂಡು ಸುಮ್ಮನಿರುತ್ತಿದ್ದನೇನೋ. ಮಾರಕ್ಕ ಬಿಡಲಿಲ್ಲ. ಮಾರಕ್ಕ ಪಕ್ಕದ ಭಟ್ಟಿಯಲ್ಲಿ ಮಂಡಕ್ಕಿ ಚೀಲ ತುಂಬುವವಳು. ಕಂಕುಳಲ್ಲಿ ಇನ್ನೂ ಹಾಲು ಬಿಡದ ಮಗು. ಹೋದ ಚಳಿಗಾಲದಲ್ಲಿ ಅವಳ ಒಂದು ಕಣ್ಣು ಮಬ್ಬಾಗಿ, ಬರಬರುತ್ತಾ ತಿಳಿಯಾಯಿತು. ಆಮೇಲೆ ಕಾಲು ಜೋಮು ಹಿಡಿಯಿತು. ಅದೂ ಬಿಟ್ಟಿತು. ದೊಡ್ಡಾಸ್ಪತ್ರೆಯವರು ಅವಳಿಗೆ ಹೇಳಿದ ಹೆಸರು ಓಬಕ್ಕನಿಗೆ ಹೇಳಿದ್ದೇ ಆಗಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಮೇಲಿನ ಹೊದಿಕೆ ಅಲ್ಲಲ್ಲಿ ಸವೆಯುತ್ತದೆ, ಬಂದು ಹೋಗಿ ಮಾಡುತ್ತದೆ, ಮತ್ತೆ ಬಾ, ದಿನದ ಔಷಧಿ ಶುರುಮಾಡೋಣ ಎಂದಿದ್ದರು. ಅವಳು ಮತ್ತೆ ಹೋಗಲಿಲ್ಲ. ಕಣ್ಣು ಕಾಣುತ್ತಿತ್ತು, ಕಾಲು ನಡೆಯುತ್ತಿತ್ತು. ಹೋಗಿ ಏನು ಮಾಡುವುದು ಎಂದುಕೊಂಡು ಪಾಲಯ್ಯನ ಬೆನ್ನು ಹತ್ತಿದಳು.

"ಪಾಲಣ್ಣ, ಅಕ್ಕಂಗೆ ತಿಕ್ಕಿದ ಎಣ್ಣೆ ಯಾರದು, ಹೇಳು. ಇನ್ನೊಂದ್ಸಲ ಬಂದ್ರೆ ನಂಗೆ ಆ ಸ್ಟೀರಾಯ್ಡ್ ಸೂಜಿ ಬ್ಯಾಡ. ಮುಖ ಬನ್ನು ಆಗ್ತೈತಂತೆ."

"ಎಣ್ಣೆ ಒಂದೇ ಅಲ್ಲ ಕಣೆ. ಏನೇನೋ ಮಾಡಿದ್ವಿ."

"ಅದ್ರಾಗೆ ಕೆಲ್ಸ ಮಾಡಿದ್ದು ಯಾವ್ದು, ಅದೊಂದೇ ಹೇಳು. ಬಚ್ಚಿಟ್ಕಂಡು ಉಪ್ಪಿನಕಾಯಿ ಹಾಕ್ತೀಯ?"

ಹೋದವಳೂ ಅದನ್ನೇ ಕೇಳಿದ್ದಳು, ಇರುವವಳೂ ಅದನ್ನೇ ಕೇಳುತ್ತಿದ್ದಾಳೆ. ಹೋದವಳಿಗೆ ಉತ್ತರ ತಪ್ಪಿದರೂ ಈಗ ಏನೂ ಆಗುವುದಿಲ್ಲ. ಇವಳು ಹಾಗಲ್ಲ. ಅವನು ಏನು ಹೇಳುತ್ತಾನೋ ಅದನ್ನೇ ಮಾಡುತ್ತಾಳೆ. ತಪ್ಪಿದರೆ ಅವಳ ಕಾಲು ಹೋಗುತ್ತದೆ.

ಅವನು ಗುಡ್ಡದ ಕೆಳಗಿನ ಮಠಕ್ಕೆ ಹೋದ. ಅಲ್ಲಿಯ ಗುರುಗಳ ಮಾತಿನಲ್ಲಿ ಓಬಕ್ಕನಿಗೆ ನಂಬಿಕೆಯಿತ್ತು. ಗುರುಗಳು ಹೊಂಗೆ ಮರದ ಕೆಳಗೆ ಕೂತು ಶೇಂಗಾ ಸುಲಿಯುತ್ತಿದ್ದರು. ಪಾಲಯ್ಯ ಅಡ್ಡಬಿದ್ದು, ತಾನೂ ಒಂದು ಹಿಡಿ ಎಳೆದುಕೊಂಡು ಸುಲಿಯತೊಡಗಿದ. ಸುಲಿಯುತ್ತಲೇ ಓಬಕ್ಕ ಕೇಳಿದ್ದನ್ನು ಹೇಳಿದ. ಮಾರಕ್ಕ ಕೇಳಿದ್ದನ್ನೂ ಹೇಳಿದ.

ಗುರುಗಳ ಕೈ ನಿಂತಿತು. "ಸಾಯುವಾಗ ಬೇರೆಯವರು ನೀರು ಕೇಳುತ್ತಾರೆ. ಇವಳು ಕಾರಣ ಕೇಳಿದಳೇ?" ಎಂದರು. ಆಮೇಲೆ, "ಮೊದಲ ಸಲ ಬಿದ್ದಾಗ ಏನು ಮಾಡಿದಿರಿ?"

"ಸ್ಟೀರಾಯ್ಡ್ ಹಾಕ್ಸಿದ್ವಿ ಬುದ್ಧಿ. ಬಿರ್ರನೆ ಎದ್ಲು. ಆದ್ರೆ ಮುಖ ಊದ್ತು, ನಿದ್ದೆ ಹಾರಿ ಹೋಯ್ತು. ಮಾತಾಡ್ಸಿದ್ರೆ ಕಾದ ಮರಳಿನಂಗೆ ಸಿಡಿಯೋಳು. ಇನ್ನ ಇದು ಬ್ಯಾಡ ಅಂದ್ಲು. ನಾನೂ ಹೂಂ ಅಂದೆ."

"ಆಮೇಲೆ?"

"ಜೇನ್ನೊಣ ಕಚ್ಚಿಸಿದ್ವಿ. ಎಣ್ಣೆ ತಿಕ್ಸಿದ್ವಿ. ಸೊಪ್ಪಿನ ರಸ ಕುಡಿದ್ಲು, ಉಪ್ಪು ಹುಳಿ ಬಿಟ್ಲು. ಒಂದ್ಸಲ ಜೇನ್ನೊಣದಿಂದ ಎದ್ಲು. ಒಂದ್ಸಲ ಎಣ್ಣೆಯಿಂದ."

"ಜೇನ್ನೊಣದಿಂದಲೇ ಎದ್ದಳು ಎಂದು ಹೇಗೆ ಗೊತ್ತಾಯಿತು?"

"ಅದು ಕಚ್ಚಿದ ಮ್ಯಾಲೆ ಎದ್ಲಲ್ಲ ಬುದ್ಧಿ."

"ಹಾಗಾದರೆ ಮುಂದಿನ ಸಲವೂ ಅದನ್ನೇ ಮಾಡಿದ್ದರೆ ಆಗುತ್ತಿತ್ತು."

"ಮಾಡಿದ್ವಿ. ಮೈಯೆಲ್ಲ ಬಾತುಕೊಂಡಿದ್ದೇ ಬಂತು. ಅದಕ್ಕೇ ಎಣ್ಣೆಗೆ ಹೋಗಿದ್ದು."

ಗುರುಗಳಿಗೆ ನಗು ಬಂತು. ಪಾಲಯ್ಯನೂ ನಕ್ಕ. ಹೆಂಡತಿ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ತಲೆ ತಗ್ಗಿಸಿದ.

"ಔಷಧದ ವಿಷಯ ನನಗೆ ತಿಳಿಯದು" ಎಂದರು ಗುರುಗಳು. "ಅದಕ್ಕೆ ಡಾಕ್ಟರಿದ್ದಾರೆ. ನನಗೆ ಒಂದು ಕತೆ ತಿಳಿದಿದೆ. ಕೇಳು."

ಒಬ್ಬ ರೈತನಿದ್ದ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಒಂದು ಕಟ್ಟೆ ಕಟ್ಟಿಕೊಂಡಿದ್ದ. ಅದರ ನೀರಿನಿಂದ ಅವನ ಗದ್ದೆ ಬೆಳೆಯುತ್ತಿತ್ತು. ಒಂದು ವರ್ಷ ಮಳೆ ಜೋರಾಗಿ ಕಟ್ಟೆ ತುಂಬಿತು. ಏರಿಯ ಹೊರಬದಿಯಲ್ಲಿ ನೀರು ಸೋರತೊಡಗಿತು. ರೈತ ಹೆದರಿ, ನೀರನ್ನು ಒಮ್ಮೆಗೇ ಹೊರಬಿಡುವ ದೊಡ್ಡ ತೂಬು ಎತ್ತಿದ. ಕಟ್ಟೆಯ ನೀರು ಬೇಗ ಇಳಿಯಿತು, ಸೋರುವುದು ನಿಂತಿತು. ಆದರೆ ನುಗ್ಗಿದ ನೀರಿಗೆ ಕೆಳಗಿನ ಎಳೆಯ ಪೈರು ಮಲಗಿತು. ಅದನ್ನು ನೋಡಿ ಅವನು, ಇನ್ನು ಈ ತೂಬು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ.

ಮರುವರ್ಷ ಮತ್ತೆ ಸೋರಿತು. ಒಬ್ಬ ಬಂದು ಹುಲ್ಲು ಕೆಸರು ಕಲಸಿ ಮೆತ್ತಿದ. ನಿಲ್ಲಲಿಲ್ಲ. ಇನ್ನೊಬ್ಬ ಬಂದು ಸಗಣಿ ಬೂದಿ ತುರುಕಿದ. ನಿಲ್ಲಲಿಲ್ಲ. ಮೂರನೆಯವನು ಬಂದು ನಿಂಬೆಹಣ್ಣು ಮಂತ್ರಿಸಿ ಹೂತ. ಮಾರನೆಯ ದಿನ ನಿಂತಿತು. ಆ ಸೀಮೆಯಲ್ಲಿ ಒಂದು ರೂಢಿ. ಕೆಲಸ ಕೈಗೂಡಿದರೆ, ಕೂಡಿಸಿದವನಿಗೆ ಮನೆಯವನು ತನ್ನ ಕೈಯಾರೆ ತಲೆಗೆ ರುಮಾಲು ಸುತ್ತಬೇಕು. ರೈತ ನಿಂಬೆಹಣ್ಣಿನವನಿಗೆ ರುಮಾಲು ಸುತ್ತಿದ.

ಅದರ ಮರುವರ್ಷ ನಿಂಬೆಹಣ್ಣು ಹೂತರೂ ನಿಲ್ಲಲಿಲ್ಲ. ಸಗಣಿಯವನು ಕೊನೆಗೆ ಬಂದ. ನಿಂತಿತು. ಅವನಿಗೆ ರುಮಾಲು. ಹೀಗೆ ಯಾರು ಕೊನೆಗೆ ಬರುತ್ತಾರೋ ಅವರ ತಲೆಗೆ ರುಮಾಲು ಬೀಳುತ್ತಿತ್ತು. ಊರಿನ ಜಾಣರು ಇದನ್ನು ಕಂಡುಕೊಂಡರು. ಏರಿ ಸೋರಿತು ಎಂದು ಕರೆ ಬಂದರೆ, ಉಳಿದವರದು ಮುಗಿಯಲಿ, ಆಮೇಲೆ ಬರುತ್ತೇವೆ ಎನ್ನುತ್ತಿದ್ದರು. ಬರಬರುತ್ತಾ ಆ ಊರಿನಲ್ಲಿ ರುಮಾಲಿಲ್ಲದ ತಲೆ ಉಳಿಯಲಿಲ್ಲ.

ಒಬ್ಬ ವ್ಯಾಪಾರಿ ಆ ದಾರಿಯಲ್ಲಿ ಬಂದವನು ಇದನ್ನೆಲ್ಲ ನೋಡಿದ. ಅವನಿಗೆ ಕುತೂಹಲವಾಯಿತು.

"ಕಟ್ಟೆಯಲ್ಲಿ ನೀರು ಎಷ್ಟಿದ್ದಾಗ ಸೋರುತ್ತದೆ? ಎಷ್ಟಕ್ಕೆ ಇಳಿದಾಗ ನಿಲ್ಲುತ್ತದೆ?" ಎಂದು ಕೇಳಿದ.

"ನೀರನ್ನು ಯಾರು ನೋಡುತ್ತಾರೆ? ನಾನು ತೂತನ್ನು ನೋಡುತ್ತೇನೆ" ಎಂದ ರೈತ.

ವ್ಯಾಪಾರಿ ಕಟ್ಟೆಯೊಳಗೆ ಒಂದು ಗಳ ನೆಟ್ಟು, ತೂತಿನ ಮಟ್ಟಕ್ಕೆ ಅದರ ಮೇಲೆ ಗುರುತು ಹಾಕಿದ. ಮುಂದಿನ ಮಳೆಗೆ ನೀರು ಆ ಗುರುತು ದಾಟಿತು, ಏರಿ ಸೋರಿತು. ಬಿಸಿಲಿಗೆ, ಗದ್ದೆಯ ಕಾಲುವೆಗೆ, ಸೋರಿಕೆಗೆ ನೀರು ದಿನದಿನಕ್ಕೂ ಇಳಿಯುತ್ತಿತ್ತು. ಗುರುತಿನ ಕೆಳಗೆ ಬಂದ ದಿನ ಸೋರುವುದು ನಿಂತಿತು. ಆ ದಿನ ಯಾರು ಬಂದಿದ್ದರೂ ನಿಲ್ಲುತ್ತಿತ್ತು. ಯಾರೂ ಬರದಿದ್ದರೂ ನಿಲ್ಲುತ್ತಿತ್ತು.

ವ್ಯಾಪಾರಿ ತನ್ನ ದಾರಿ ಹಿಡಿದು ಹೋದ. ರೈತ ಈಗ ತಿಳಿದವನಾದ. ಮತ್ತೆ ಸೋರಿದಾಗ ಯಾರನ್ನೂ ಕರೆಯಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತು, ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ ಎಂದ. ಹೋಯಿತು. ಅದರ ಮುಂದಿನ ಸಲವೂ ಹೋಯಿತು. ಸೋರಿದ ನೀರು ಕೆಂಪಗಿತ್ತು. ಅದನ್ನು ಅವನು ನೋಡಿದ. ಮಳೆಗಾಲದ ನೀರು ಕೆಂಪಗೇ ಇರುತ್ತದೆ ಎಂದುಕೊಂಡ. ಕಟ್ಟೆಯೊಳಗಿನ ನೀರು ತಿಳಿಯಾಗಿ ನಿಂತಿದ್ದನ್ನು ನೋಡಲಿಲ್ಲ. ಹೊರಗೆ ಬರುತ್ತಿದ್ದ ಕೆಂಪು ಅವನ ಏರಿಯ ಮಣ್ಣು. ಪ್ರತಿ ಸಲವೂ ಏರಿಯ ಹೊಟ್ಟೆಯಿಂದ ಒಂದಿಷ್ಟು ಹೋಗುತ್ತಿತ್ತು. ಮೇಲೆ ಹುಲ್ಲು ಹಸಿರಾಗಿಯೇ ಇತ್ತು. ಒಂದು ವರ್ಷ ಏರಿ ನಡುವಿಗೆ ಕುಸಿದು ಒಡೆಯಿತು. ಕಟ್ಟೆ ಬರಿದಾಯಿತು.

ಗುರುಗಳು ನಿಲ್ಲಿಸಿದರು. ಪಾಲಯ್ಯನ ಮುಂದಿದ್ದ ಶೇಂಗಾ ಹಾಗೆಯೇ ಇತ್ತು. ಅವನಿಗೆ ಯೋಚನೆ ನಿಧಾನವಾಗಿಯೇ ಬರುವುದು.

"ಹಂಗಾದ್ರೆ ತೂಬು ಎತ್ತಿದ್ದೇ ಸರಿಯಾ ಬುದ್ಧಿ? ಅದ್ನೇ ಎತ್ತುತಾ ಹೋಗಿದ್ರೆ ಏರಿ ಉಳಿಯೋದಾ?"

"ತೂಬು ಆ ಹೊತ್ತಿನ ಅಪಾಯಕ್ಕೆ. ಎತ್ತಿದರೆ ಪೈರಿಗೆ ಒಂದಷ್ಟು ಪೆಟ್ಟು, ನಿಜ. ನೀರು ಬೇಗ ಇಳಿಯುತ್ತದೆ, ಅದೂ ನಿಜ. ಎತ್ತುವ ದಿನ ಎತ್ತಬೇಕು. ಆದರೆ ತೂಬು ಏರಿಗೆ ಒಂದು ಬುಟ್ಟಿ ಮಣ್ಣು ಹೊರುವುದಿಲ್ಲ."

ಗುರುಗಳು ಮೆಲ್ಲಗೆ ಕೇಳಿದರು.

"ಓಬಕ್ಕ ಎದ್ದಾಗಲೆಲ್ಲ ಮೊದಲಿನಂತೆಯೇ ಎದ್ದಳೇ?"

ಎದ್ದಳು ಎನ್ನಲು ಅವನು ಬಾಯಿ ತೆರೆದ. ಆಗ ಒಂದೊಂದೇ ನೆನಪಾಯಿತು. ಸ್ಟೀರಾಯ್ಡ್ ಹಾಕಿಸಿದ ಸಲ ಎದ್ದವಳು ಚೀಲ ಹೊತ್ತಿದ್ದಳು. ಜೇನ್ನೊಣದ ಸಲ ಎದ್ದವಳು ಗೋಡೆ ಹಿಡಿದು ನಡೆದಳು. ಎಣ್ಣೆಯ ಸಲ ಅವಳನ್ನು ಎಬ್ಬಿಸಿ ನಿಲ್ಲಿಸಲು ಅವನ ಹೆಗಲು ಬೇಕಾಗಿತ್ತು. ಎದ್ದಳು ಎಂಬ ಖುಷಿಯಲ್ಲಿ ಅವನು ಪ್ರತಿ ಸಲವೂ ಕೇರಿಗೆಲ್ಲ ಮಂಡಕ್ಕಿ ಹಂಚಿದ್ದ. ಒಂದು ಏಳುವಿಕೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ.

"ಇಲ್ಲ ಬುದ್ಧಿ" ಎಂದ. "ಅವ್ಳು ಎದ್ದಿದ್ದು ಅವ್ಳ ಮೈ ತಾನೇ ಎದ್ದಿದ್ದು. ಅಲ್ವಾ? ಕಟ್ಟೆ ನೀರು ಇಳಿದಂಗೆ."

"ಹೆಚ್ಚಿನ ಪಾಲು ಹಾಗೆಯೇ ಇರಬಹುದು. ಅವಳು ಕೇಳಿದ್ದಕ್ಕೆ ನನಗೆ ತೋಚುವ ಉತ್ತರ ಅಷ್ಟೇ."

"ಮತ್ತೆ ಮಾರಕ್ಕಂಗೆ ಏನ್ ಹೇಳ್ಲಿ? ಅವ್ಳು ಈಗ ಗಟ್ಟಿಮುಟ್ಟಾಗಿ ಓಡಾಡ್ತಾವ್ಳೆ. ಇನ್ನೊಂದ್ಸಲ ಬಿದ್ದಾಗ ಏನ್ ಮಾಡ್ಬೇಕು ಅಂತ ಕೇಳ್ತಾವ್ಳೆ."

ಗುರುಗಳು ಅವನನ್ನೇ ನೋಡಿದರು.

"ಪಾಲಯ್ಯ, ಏರಿ ಸೋರದೆ ಇದ್ದ ಅಷ್ಟೂ ದಿನ ಆ ರೈತ ಎಲ್ಲಿದ್ದ?"

ಪಾಲಯ್ಯ ಅಡ್ಡಬಿದ್ದು ಎದ್ದು ಬಂದ.

ಮರುದಿನ ಬೆಳಿಗ್ಗೆ ಅವನು ಭಟ್ಟಿಗೆ ಉರಿ ಹಾಕಲಿಲ್ಲ. ತೊಳೆದ ಅಂಗಿ ತೊಟ್ಟು ಮಾರಕ್ಕನ ಮನೆಗೆ ಹೋದ. ಅವಳು ಬಾಗಿಲಿಗೆ ನೀರು ಹಾಕುತ್ತಿದ್ದಳು.

"ಎಣ್ಣೆ ತಂದ್ಯಾ ಪಾಲಣ್ಣ?"

"ಇಲ್ಲ. ಎಣ್ಣೆಯಿಂದ ಅವ್ಳು ಏಳ್ಲಿಲ್ಲ ಕಣೆ, ನಾನು ಹಂಗೆ ಅಂದ್ಕಂಡಿದ್ದೆ. ನಡಿ, ಆಸ್ಪತ್ರೆಗೆ ಹೋಗಾನ. ಆ ದಿನದ ಔಷಧಿ ಏನು ಅಂತ ಕೇಳಾನ."

ಮಾರಕ್ಕ ನಕ್ಕುಬಿಟ್ಟಳು. "ಇವತ್ತಾ? ಇವತ್ತು ನಂಗೇನಾಗೈತೆ? ನೋಡಿಲ್ಲಿ, ಕಣ್ಣು ನೆಟ್ಟಗೈತೆ, ಕಾಲು ನೆಟ್ಟಗೈತೆ. ಆಸ್ಪತ್ರೆಯೋರು ಹುಚ್ಚಿ ಅಂತಾರೆ."

"ಅನ್ಲಿ. ಬೀಳದಿರೋ ದಿನಾನೇ ಹೋಗ್ಬೇಕು. ನಾವು ಹೋಗ್ಲಿಲ್ಲ."

ಅವಳ ನಗು ನಿಂತಿತು. ಅವನ ಮುಖವನ್ನೊಮ್ಮೆ ನೋಡಿ, ಕೊಡ ಕೆಳಗಿಟ್ಟು, ಕಂಕುಳಲ್ಲಿದ್ದ ಮಗುವನ್ನು ಅವನ ಕೈಗೆ ಕೊಟ್ಟು ಸೀರೆ ಬದಲಿಸಲು ಒಳಗೆ ಹೋದಳು. ಪಾಲಯ್ಯ ಮಗುವನ್ನು ಎತ್ತಿಕೊಂಡು ಬಸ್ಸು ಬರುವ ದಾರಿಗೆ ಮುಂದಾಗಿ ಹೋಗಿ ನಿಂತ.