ಕಣದಲ್ಲಿ ಕಟ್ಟಿದ ಕುಕ್ಕೆ

“ಬುದ್ಧಿ, ಸೌತೆಕಾಯಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೇ, ಬೇಡವೇ? ಇದೊಂದನ್ನು ತಾವೇ ತೀರ್ಮಾನ ಮಾಡಿಕೊಡಬೇಕು” ಎಂದು ಶಿಷ್ಯ ಕಲ್ಲೇಶಪ್ಪ ಕೇಳಿದ.

ಮಠದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದ ಗುರುಗಳು ತಲೆಯೆತ್ತಿದರು. ಮೋಕ್ಷದ ವಿಚಾರ ಕೇಳಲು ಬಂದವರುಂಟು, ಮಗಳ ಮದುವೆಯ ವಿಚಾರ ಕೇಳಲು ಬಂದವರುಂಟು. ಸೌತೆಕಾಯಿಯ ತೀರ್ಮಾನಕ್ಕೆ ಬಂದವನು ಇವನೊಬ್ಬನೇ. “ಕೂತ್ಕೋಪ್ಪ, ಏನಾಯಿತು ಹೇಳು” ಎಂದು ಅವರೆಕಾಯಿಯ ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದರು.

ಕಲ್ಲೇಶಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಗಾದಿಯ ಮೇಲೆ ಕೂತು ಕೂತು ಮೈ ಬೆಳೆದಿತ್ತು. ತೂಕ ಇಳಿಸದಿದ್ದರೆ ಮಂಡಿ ಕೈಕೊಡುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಅಂದಿನಿಂದ ಅವನು ತಿನ್ನುವುದನ್ನೆಲ್ಲ ಪುಟ್ಟದೊಂದು ತಕ್ಕಡಿಯಲ್ಲಿ ತೂಗಿ, ಮೊಬೈಲಿನಲ್ಲಿ ಕ್ಯಾಲೊರಿ ಲೆಕ್ಕ ಬರೆಯತೊಡಗಿದ. ಅನ್ನ ತೂಗಿದ, ಮುದ್ದೆ ತೂಗಿದ, ತುಪ್ಪ ತೂಗಿದ. ಅಲ್ಲಿಯವರೆಗೆ ಎಲ್ಲ ಸರಿಯೇ. ತೂಕವೂ ಇಳಿಯಿತು. ಇಳಿದದ್ದೇ ತಡ, ಉತ್ಸಾಹ ತಲೆಗೇರಿತು. ಸಾರಿಗೆ ಹಾಕುವ ಕೊತ್ತಂಬರಿ ಸೊಪ್ಪನ್ನು ತೂಗಿದ. ಒಗ್ಗರಣೆಯ ಕರಿಬೇವನ್ನೂ ಬಿಡಲಿಲ್ಲ.

ಅವನ ಹೆಂಡತಿ ಹಾಲಮ್ಮ ಇದನ್ನೆಲ್ಲ ಸಹಿಸಿಕೊಂಡಳು. ಗಂಡನ ಮಂಡಿ ಉಳಿದರೆ ಸಾಕು ಅವಳಿಗೆ. ಆದರೆ ಆ ಮನೆಯಲ್ಲಿ ಮದುವೆಯಾದಾಗಿನಿಂದ ಒಂದು ರೂಢಿ ಇತ್ತು. ಕಲ್ಲೇಶಪ್ಪ ಅಂಗಡಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವಳು ಎಳೆ ಸೌತೆಕಾಯಿ ಹೆಚ್ಚಿ, ಉಪ್ಪು ಖಾರ ಸವರಿ, ತಟ್ಟೆ ಮುಂದಿಟ್ಟು ತಾನೂ ಪಕ್ಕದಲ್ಲಿ ಕೂರುವಳು. ಅವನೊಂದು ಹೋಳು, ಅವಳೊಂದು ಹೋಳು. ಯಾರು ಬಂದರು, ಯಾರು ಹೋದರು, ಯಾವ ಗಿರಾಕಿ ಜಗಳವಾಡಿದ, ಎಲ್ಲ ಮಾತೂ ಆ ತಟ್ಟೆಯ ಸುತ್ತಲೇ ಆಗುತ್ತಿತ್ತು. ಒಂದು ಸಂಜೆ ಅವನು ಆ ತಟ್ಟೆಯನ್ನೂ ತಕ್ಕಡಿಯ ಮೇಲಿಟ್ಟ. ಅಷ್ಟರಲ್ಲಿ ಹಾಲಮ್ಮ ಎಂದಿನಂತೆ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡಳು.

“ಏಯ್, ನೀನು ತಿಂದುಬಿಟ್ಟೆಯಲ್ಲ, ನನ್ನ ಲೆಕ್ಕ ತಪ್ಪಿತು!” ಎಂದ.

ಹಾಲಮ್ಮ ಬಾಯಲ್ಲಿದ್ದ ಹೋಳನ್ನು ನುಂಗಿ ಎದ್ದಳು. ಮಾರನೆಯ ದಿನದಿಂದ ಇಡೀ ಸೌತೆಕಾಯಿ, ಚಾಕು, ತಕ್ಕಡಿ ಮೂರನ್ನೂ ಅವನ ಮುಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು.

ಇಷ್ಟನ್ನೂ ಹೇಳಿ ಕಲ್ಲೇಶಪ್ಪ ನಿಟ್ಟುಸಿರುಬಿಟ್ಟ. “ತಾವು ಹಿಡಿಯಬೇಕು ಎಂದರೆ ಹಾಗೇ ಅವಳಿಗೆ ಹೇಳುತ್ತೇನೆ. ಬೇಡ ಎಂದರೆ ಬಿಟ್ಟುಬಿಡುತ್ತೇನೆ. ಮನೆಯಲ್ಲಿ ಮಾತೇ ಇಲ್ಲ ಬುದ್ಧಿ. ಒಬ್ಬನೇ ಕೂತರೆ ಸೌತೆಕಾಯಿ ಗಂಟಲಲ್ಲಿ ಇಳಿಯುವುದಿಲ್ಲ.”

ಒಂದನ್ನು ಮಾತ್ರ ಅವನು ಹೇಳಲಿಲ್ಲ. ಆ ತಟ್ಟೆ ನಿಂತುಹೋದ ಮೇಲೆ ಮನೆಗೆ ಹೋಗಲು ಕಾಲೇಳದೆ, ಅಂಗಡಿಯ ತಿರುವಿನಲ್ಲಿದ್ದ ಬಜ್ಜಿ ಬಂಡಿಯ ಮುಂದೆ ನಿಲ್ಲುವುದನ್ನು ಕಲಿತಿದ್ದ. ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ. ಬಂಡಿಯ ಮುಂದೆ ತಕ್ಕಡಿ ತೆಗೆಯಲು ನಾಚಿಕೆ, ಮೊಬೈಲಿನಲ್ಲಿ ಬರೆಯಲು ಇನ್ನೂ ನಾಚಿಕೆ. ಹಾಗಾಗಿ ಬರೆಯುತ್ತಿರಲಿಲ್ಲ.

ಗುರುಗಳು ನಗಲಿಲ್ಲ. ನಗು ಬಂದಿತ್ತು, ತಡೆದುಕೊಂಡರು. ಆಮೇಲೆ ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಅವನಿಗೊಂದು ಜೋಡಿ ಎತ್ತು. ಕರುಗಳಾಗಿದ್ದಾಗಿನಿಂದ ಅವನೇ ಸಾಕಿದ್ದು. ಹತ್ತಿರ ಹೋದರೆ ಸಾಕು, ಅವನ ಕೈ ನೆಕ್ಕುತ್ತಿದ್ದವು. ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆಯನ್ನು ನೀನು ನೋಡಿರುತ್ತೀಯ. ಆ ಊರಿನಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಪೈರಿನ ಸಾಲಿನ ನಡುವೆ ಕುಂಟೆ ಹೊಡೆಯುವಾಗ ಕುಕ್ಕೆ ಕಟ್ಟಬೇಕು, ಇಲ್ಲದಿದ್ದರೆ ಎತ್ತು ಬೆಳೆಯನ್ನೇ ಮೇದುಬಿಡುತ್ತದೆ. ಅದೇ ಎತ್ತು ಕಣಕ್ಕೆ ಬಂದಾಗ ಕುಕ್ಕೆ ಬಿಚ್ಚಬೇಕು. ಕಣದಲ್ಲಿ ರಾಗಿ ಹರಡಿ ಕಲ್ಲಿನ ಗುಂಡು ಎಳೆಸುವಾಗ ಎತ್ತು ನಡೆಯುತ್ತಲೇ ಬಗ್ಗಿ ಒಂದು ಬಾಯಿ ಎತ್ತಿಕೊಳ್ಳುತ್ತದೆ. ಅದನ್ನು ಆ ಊರಿನವರು ಕಂಡೂ ಕಾಣದ ಹಾಗಿರುತ್ತಿದ್ದರು.

ಒಂದು ವರ್ಷ ರಾಗಿ ತುಂಬಾ ಚೆನ್ನಾಗಿ ಬಂತು. ಬೆಳೆ ಹೆಚ್ಚಿದ ಹಾಗೆ ರೈತನ ಕಣ್ಣೂ ಚುರುಕಾಯಿತು. ಗುಂಡು ಉರುಳುವುದನ್ನು ಬಿಟ್ಟು ಎತ್ತಿನ ಬಾಯಿಯನ್ನೇ ನೋಡುತ್ತಾ ನಿಂತ. ಸುತ್ತಿಗೊಂದು ಬಾಯಿ ಹೋದರೆ ಸುಗ್ಗಿ ಮುಗಿಯುವಷ್ಟರಲ್ಲಿ ಎಷ್ಟಾಯಿತು ಎಂದು ಎದೆ ಧಸಕ್ಕೆಂದಿತು. ಮನೆಗೆ ಓಡಿಹೋಗಿ ಕುಕ್ಕೆ ತಂದ.

“ಅಯ್ಯೋ, ಕಣದಲ್ಲಿ ಯಾರಾದರೂ ಕುಕ್ಕೆ ಕಟ್ಟುತ್ತಾರಾ? ದುಡಿಯೋ ಬಾಯಿಗೆ ಅಷ್ಟೂ ಬೇಡವಾ?” ಎಂದಳು ಹೆಂಡತಿ.

“ತೆನೆ ತೆನೆ ಗೂಡಿದರೆ ಬಳ್ಳ ಕಣೇ. ನಿನಗೆ ಲೆಕ್ಕ ತಿಳಿಯೋದಿಲ್ಲ, ಸುಮ್ಮನಿರು” ಎಂದು ಅವನು ಎರಡೂ ಎತ್ತಿಗೆ ಬಿಗಿಯಾಗಿ ಕಟ್ಟಿದ.

ಎತ್ತುಗಳು ಸ್ವಲ್ಪ ಹೊತ್ತು ನಡೆದವು. ಆಮೇಲೆ ನಿಂತವು. ಕಾಲ ಕೆಳಗೆ ಹೊಸ ರಾಗಿಯ ವಾಸನೆ, ಬಾಯಿಗೆ ಹಗ್ಗ. ಪಾಪ, ಅವಾದರೂ ಏನು ಮಾಡಾವು? ರೈತ ಗದರಿದ, ಬಾಲ ತಿರುಚಿದ, ಎಂದೂ ಎತ್ತದಿದ್ದ ಬಾರುಕೋಲು ಎತ್ತಿದ. ಎತ್ತುಗಳು ಕಾಲೆಳೆದುಕೊಂಡು ಸುತ್ತಿದವು. ಅಷ್ಟರಲ್ಲಿ ಗಾಳಿ ಎದ್ದಿತು. ಗಾಳಿ ಇರುವಾಗಲೇ ರಾಗಿ ತೂರಬೇಕಲ್ಲ. ತುಳಿಸಿದ್ದು ಸಾಕು ಎಂದು ರೈತ ಹುಲ್ಲನ್ನು ಜಾಡಿಸಿ ಎತ್ತಿ ಬಣವೆಗೆ ಒಟ್ಟಿದ. ಇಡೀ ಸುಗ್ಗಿ ಹೀಗೇ ನಡೆಯಿತು.

ಕೊನೆಗೆ ರಾಶಿ ಅಳೆದರೆ, ಎಂದಿಗಿಂತ ಕಡಿಮೆ ರಾಗಿ! ಒಂದು ಬಾಯಿಯನ್ನೂ ಬಿಟ್ಟಿಲ್ಲ, ಹೋಯಿತೆಲ್ಲಿಗೆ? ಇಲಿಯ ಮೇಲೆ ಅನುಮಾನಪಟ್ಟ, ಗುಬ್ಬಿಯ ಮೇಲೆ ಅನುಮಾನಪಟ್ಟ, ಪಕ್ಕದ ಕಣದವನ ಜೊತೆ ಮಾತು ಬಿಟ್ಟ. ಹೀಗೆ ದಿನ ಕಳೆಯಿತು. ದಿನವೂ ಬಣವೆಯಿಂದ ಹುಲ್ಲು ಹಿರಿದು ಎತ್ತುಗಳಿಗೆ ಹಾಕುತ್ತಿದ್ದ. ಒಂದು ಬೆಳಗ್ಗೆ ಅವನ ಹೆಂಡತಿ ಗೋದಲೆಯ ಹುಲ್ಲಿನಿಂದ ಒಂದು ತೆನೆ ಎತ್ತಿ ಅಂಗೈಯಲ್ಲಿ ತಿಕ್ಕಿ ಊದಿದಳು. ಅಂಗೈ ತುಂಬ ರಾಗಿ ಉಳಿಯಿತು.

“ನಿಮ್ಮ ಲೆಕ್ಕ ಸಿಕ್ಕಿತು, ನೋಡಿ” ಎಂದಳು.

ಸರಿಯಾಗಿ ತುಳಿಸದ ತೆನೆಯೆಲ್ಲ ಕಾಳಿನ ಸಮೇತ ಬಣವೆ ಸೇರಿತ್ತು. ಒಂದು ಬಾಯಿ ಕೊಡಲಾರೆ ಎಂದವನು ಬಣವೆಗಟ್ಟಲೆ ತಿನ್ನಿಸಿದ್ದ. ಅದೂ ತನ್ನ ಕೈಯಾರೆ, ಲೆಕ್ಕವೇ ಇಲ್ಲದೆ. ಹೋಗಲಿ, ತಿಂದದ್ದು ತನ್ನ ಎತ್ತುಗಳೇ ತಾನೇ ಎಂದು ಅವುಗಳ ಮುಂದೆ ಕೈ ಚಾಚಿದ. ಎತ್ತುಗಳು ಮುಖ ಆಚೆ ತಿರುಗಿಸಿದವು. ಕುಕ್ಕೆ ಕಟ್ಟಿದ ಕೈ ಅದು, ಅವು ಮರೆತಿರಲಿಲ್ಲ. ರಾಗಿ ಹೋದಾಗ ಅಳದಿದ್ದ ರೈತ ಆಗ ಅತ್ತ.

ಇಷ್ಟು ಹೇಳಿ ಗುರುಗಳು ಮತ್ತೆ ಅವರೆಕಾಯಿಗೆ ಕೈಹಾಕಿದರು.

ಬಣವೆಯ ಮಾತು ಬಂದಾಗಲೇ ಕಲ್ಲೇಶಪ್ಪನ ಕಿವಿ ಬಿಸಿಯಾಗಿತ್ತು. ಬಜ್ಜಿ ಬಂಡಿ ಕಣ್ಣ ಮುಂದೆ ಬಂದಿತ್ತು. ತಲೆ ತಗ್ಗಿಸಿ, “ತಿಳಿಯಿತು ಬುದ್ಧಿ, ಇವತ್ತೇ ಆ ತಕ್ಕಡಿ ಬಿಸಾಡುತ್ತೇನೆ” ಎಂದ.

“ಅದ್ಯಾಕಪ್ಪ ಬಿಸಾಡುತ್ತೀಯ? ಪೈರಿನ ಸಾಲಿನಲ್ಲಿ ಕುಕ್ಕೆ ಬೇಕೇ ಬೇಕು. ನಿನ್ನ ಮಂಡಿ ನನಗೂ ಬೇಕು, ಇಲ್ಲದಿದ್ದರೆ ಈ ಮಠದ ಮೆಟ್ಟಿಲು ಹತ್ತುವವರು ಯಾರು? ಅನ್ನ ತೂಗು, ತುಪ್ಪ ತೂಗು. ಬಜ್ಜಿ ತಿಂದರೆ ಅದನ್ನೂ ಬರಿ.”

ಕಲ್ಲೇಶಪ್ಪ ಬೆಚ್ಚಿಬಿದ್ದ. ಗುರುಗಳು ಅವನ ಅಂಗಿಯ ಜೇಬಿನ ಮೇಲಿದ್ದ ಎಣ್ಣೆಯ ಕಲೆಯನ್ನು ನೋಡುತ್ತಿದ್ದರು. ಅವನು ಅದರ ಮೇಲೆ ಕೈಯಿಟ್ಟುಕೊಂಡು ಪೆಚ್ಚಾಗಿ ನಕ್ಕ. ಗುರುಗಳೂ ಈಗ ತಡೆಯದೆ ನಕ್ಕರು. ಬೈಯಲಿಲ್ಲವಲ್ಲ ಎಂದು ಅವನ ಎದೆ ಹಗುರಾಯಿತು. ಕೇಳಲು ಬಂದದ್ದಕ್ಕೆ ಉತ್ತರವೂ ಸಿಕ್ಕಿತ್ತು. ಒಂದು ಅವರೆಕಾಯಿ ಕೈಗೆತ್ತಿಕೊಂಡು ಸುಲಿಯುತ್ತಾ ಖುಷಿಯಿಂದ ಹೇಳಿದ: “ಹಾಗಾದರೆ ಸೌತೆಕಾಯಿಯ ಮಟ್ಟಿಗೆ ನನ್ನ ಬಾಯಿಯ ಕುಕ್ಕೆ ಬಿಚ್ಚಿದ ಹಾಗೇ, ಅಲ್ಲವೇ ಬುದ್ಧಿ?”

“ನೀನು ಕುಕ್ಕೆ ಕಟ್ಟಿರುವುದು ನಿನ್ನ ಬಾಯಿಗಲ್ಲ ಕಲ್ಲೇಶ, ಹಾಲಮ್ಮನ ಬಾಯಿಗೆ” ಎಂದರು ಗುರುಗಳು.

ಅವರೆಕಾಯಿ ಸುಲಿಯುತ್ತಿದ್ದ ಅವನ ಕೈ ಅಲ್ಲೇ ನಿಂತಿತು.